ನಲವತ್ತೇಳು ನಿಮಿಷದ ಪ್ರೊಸೆಸರ್

ಮೇಸ್ತ್ರಿ ಇದುವರೆಗೆ ನಾಲ್ಕು ಸಾವಿರ ಮನೆ ಕಟ್ಟಿದ್ದ. ಒಂದು ಇಟ್ಟಿಗೆಯನ್ನೂ ಮುಟ್ಟಿರಲಿಲ್ಲ.

ಇನ್ನೂ ಕಟ್ಟದೇ ಇರುವ ಮನೆಗಳ ಚಿತ್ರ ಮಾಡುವುದು ಅವನ ಕಸುಬು. ಆರ್ಕಿಟೆಕ್ಟು ನಕ್ಷೆ ಕಳಿಸುತ್ತಿದ್ದ. ಇವನು ಕಂಪ್ಯೂಟರಿನಲ್ಲಿ ಗೋಡೆ ಎಬ್ಬಿಸಿ, ಸೋಫಾ ಹಾಕಿ, ಕಿಟಕಿಯಿಂದ ಒಂದಿಷ್ಟು ಬಿಸಿಲು ಬಿಟ್ಟು, ಕೊನೆಗೆ ಮೂರು ಜನರನ್ನು ಒಳಗೆ ಕಳಿಸುತ್ತಿದ್ದ. ಜನ ಅಂದರೆ ಕತ್ತರಿಸಿ ಇಟ್ಟುಕೊಂಡ ಫೋಟೊಗಳು: ನಗುವ ಹೆಂಗಸು, ಪೇಪರ್ ಓದುವ ಗಂಡಸು, ಚೆಂಡು ಹಿಡಿದ ಮಗು. ಈ ಮೂವರೂ ನಾಲ್ಕು ಸಾವಿರ ಮನೆ ಬದಲಾಯಿಸಿದ್ದರು, ಒಂದು ಸಲವೂ ಸಾಮಾನು ಹೊತ್ತಿರಲಿಲ್ಲ. ಗಂಡಸು ಅದೇ ಪೇಪರನ್ನು ಓದುತ್ತಲೇ ಇದ್ದ. ಮಗುವಿಗೆ ಇನ್ನೂ ಐದೇ ವರ್ಷ.

ಮೇಸ್ತ್ರಿಯ ಸ್ವಂತ ಮನೆ ಮೂರನೇ ಮಹಡಿಯಲ್ಲಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಎರಡು ಕುರ್ಚಿ. ಒಂದರ ಮೇಲೆ ಅವನು ಕೂರುತ್ತಿದ್ದ, ಇನ್ನೊಂದರ ಮೇಲೆ ಪ್ರಿಂಟರು ಕೂರುತ್ತಿತ್ತು. ಅವನಿಗೆ ಐವತ್ತನಾಲ್ಕು. ಅವನ ಕಂಪ್ಯೂಟರಿಗೆ ಹದಿನಾಲ್ಕು. ಆದರೆ ನೋಡಿದವರು ಕಂಪ್ಯೂಟರೇ ದೊಡ್ಡದು ಅನ್ನುತ್ತಿದ್ದರು.

ಕಂಪ್ಯೂಟರಿನ ತಲೆ ಅಂತ ಇರುವುದು ಪ್ರೊಸೆಸರು, ಬಿಸ್ಕತ್ತಿನಷ್ಟು ದೊಡ್ಡ ಒಂದು ಚೌಕ. ಲೆಕ್ಕವೆಲ್ಲ ಅದೇ ಮಾಡಬೇಕು. ಒಂದು ಚಿತ್ರ ತಯಾರಾಗಬೇಕಾದರೆ ಬಿಸಿಲು ಯಾವ ಗೋಡೆಗೆ ಬಡಿದು ಎಲ್ಲಿಗೆ ಚಿಮ್ಮುತ್ತದೆ, ಗಾಜಿನ ಲೋಟದ ನೆರಳು ಎಷ್ಟು ತೆಳ್ಳಗೆ ಬೀಳುತ್ತದೆ ಅಂತ ಕೋಟಿಗಟ್ಟಲೆ ಲೆಕ್ಕ. ಮೇಸ್ತ್ರಿ ಅದನ್ನು ಚಿತ್ರ ಬೇಯುವುದು ಅನ್ನುತ್ತಿದ್ದ. ಬೇಯಲು ಇಟ್ಟ ಕೂಡಲೇ ಫ್ಯಾನು ಊಳಿಡಲು ಶುರುಮಾಡುತ್ತಿತ್ತು. ಪಕ್ಕದ ಮನೆಯವರು ಎರಡು ಸಲ ಬಂದು ಮಿಕ್ಸಿ ನಿಲ್ಲಿಸಿ ಅಂತ ಹೇಳಿ ಹೋಗಿದ್ದರು. ಚಳಿಗಾಲದಲ್ಲಿ ಬಿಸಿಗಾಳಿ ಬರುವ ಕಿಟಕಿಯ ಹೊರಗೆ ಪಾರಿವಾಳಗಳು ಸರದಿಯಲ್ಲಿ ಕೂರುತ್ತಿದ್ದವು. ಒಂದು ಪಾರಿವಾಳ ಮೊಟ್ಟೆ ಇಟ್ಟು ಊರು ಸುತ್ತಲು ಹೋಯಿತು, ಮರಿ ಮಾಡಿದ್ದು ತನ್ನ ಪ್ರೊಸೆಸರು ಅಂತ ಮೇಸ್ತ್ರಿ ಆಣೆ ಇಟ್ಟು ಹೇಳುತ್ತಿದ್ದ.

ಒಂದು ಚಿತ್ರ ಬೇಯಲು ನಲವತ್ತೇಳು ನಿಮಿಷ. ಅಷ್ಟೂ ಹೊತ್ತು ಕಂಪ್ಯೂಟರನ್ನು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಮುನಿಸಿಕೊಂಡು ನಿಂತುಬಿಡುತ್ತಿತ್ತು. ಮುಗಿದ ಮೇಲೂ ಹಾಗೇ ಬಿಡುವಂತಿಲ್ಲ, ತಕ್ಷಣ ಉಳಿಸಿಕೊಳ್ಳದಿದ್ದರೆ ಬಿಸಿ ತಲೆಗೇರಿ ಎಲ್ಲ ಮರೆತುಬಿಡುತ್ತಿತ್ತು.

ಆ ನಲವತ್ತೇಳು ನಿಮಿಷವನ್ನು ಮೇಸ್ತ್ರಿ ಎದುರು ರಸ್ತೆಯ ಕನ್ನಡಕದಂಗಡಿಯಲ್ಲಿ ಕಳೆಯುತ್ತಿದ್ದ. ಒಂಬತ್ತು ವರ್ಷದಿಂದ, ದಿನಕ್ಕೆ ಒಂದು ಸಲ, ಕೆಲಸ ಜೋರಿದ್ದರೆ ಎರಡು ಸಲ. ಆರ್ಕಿಟೆಕ್ಟು ಪರದೆಯ ಬಣ್ಣ ಬದಲಾಯಿಸಿ ಅಂದರೆ ಮೂರು ಸಲ. ಒಮ್ಮೊಮ್ಮೆ ಪರದೆಗೆ ಬೇಕೆಂದೇ ತಪ್ಪು ಬಣ್ಣ ಹಾಕಿ ಕಳಿಸಿದ್ದೂ ಉಂಟು. ಅದನ್ನು ಅವನು ತನಗೇ ಹೇಳಿಕೊಂಡಿರಲಿಲ್ಲ.

ಅಂಗಡಿ ನಡೆಸುತ್ತಿದ್ದವಳು ಐವತ್ತರ ಹತ್ತಿರದ ಹೆಂಗಸು. ಅಂಗಡಿ ಅಪ್ಪನಿಂದ ಬಂದದ್ದು. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಈ ವಿಷಯ ಮೇಸ್ತ್ರಿಗೆ ತಿಳಿದದ್ದು ಮೂರನೇ ವರ್ಷದಲ್ಲಿ, ಅದೂ ಅವಳು ಒಂದು ಸ್ಕ್ರೂ ಹುಡುಕುತ್ತಾ ಹೇಳಿದ್ದು. ಬೇರೆಯವರಿಗೆಲ್ಲ ಅವಳು ನಂಬರು ನೋಡುವ ಡಾಕ್ಟರಮ್ಮ, ಅವನಿಗೆ ಮೇಡಂ. ಮೇಸ್ತ್ರಿ ಅಂತ ಅವನಿಗೆ ಹೆಸರಿಟ್ಟವಳೂ ಅವಳೇ.

ಅವನು ಬಾಗಿಲು ತಳ್ಳಿದರೆ ಅವಳು ಮಸೂರ ಉಜ್ಜುವ ಯಂತ್ರದಿಂದ ತಲೆ ಎತ್ತದೆ ಕೇಳುತ್ತಿದ್ದಳು.

"ಏನ್ ಬೇಯ್ತಿದೆ ಮೇಲೆ?"

"ಮಲಗೋ ಕೋಣೆ. ಎರಡು ಕಿಟಕಿ."

"ಕನ್ನಡಿ ಇದೆಯಾ?"

"ಇದೆ."

"ಹಾಗಾದ್ರೆ ಐವತ್ತು ನಿಮಿಷ. ಕೂತ್ಕೊಳ್ಳಿ."

ಕನ್ನಡಿ ಇದ್ದರೆ ಮೂರು ನಿಮಿಷ ಜಾಸ್ತಿ ಅನ್ನುವುದು ಆರ್ಕಿಟೆಕ್ಟಿಗೂ ಗೊತ್ತಿರಲಿಲ್ಲ. ಮೇಸ್ತ್ರಿ ಫೋನಿನಲ್ಲಿ ಅಲಾರಂ ಇಟ್ಟು ಗಾಜಿನ ಮೇಜಿನ ಮೇಲೆ ಮಲಗಿಸಿ, ಮೂಲೆಯ ಸ್ಟೂಲಿನ ಮೇಲೆ ಕೂರುತ್ತಿದ್ದ. ಗಿರಾಕಿ ಬಂದರೆ ಅವನೂ ಗಿರಾಕಿಯ ಮುಖ ಮಾಡುತ್ತಿದ್ದ. ಹೋದ ಮೇಲೆ ಮಾತು. ಪಾರಿವಾಳದ ಕಥೆ ಅವಳು ಹದಿನೇಳು ಸಲ ಕೇಳಿದ್ದಳು, ಪ್ರತಿ ಸಲವೂ ಮೊಟ್ಟೆಗಳ ಸಂಖ್ಯೆ ಮಾತ್ರ ತಿದ್ದುತ್ತಿದ್ದಳು. ಅಲಾರಂ ಹೊಡೆದರೆ ಮಾತು ಅರ್ಧಕ್ಕೆ ನಿಲ್ಲಿಸಿ ಎದ್ದು ಹೋಗುತ್ತಿದ್ದ. ಒಂಬತ್ತು ವರ್ಷದಲ್ಲಿ ಅಲಾರಂ ಹೊಡೆದ ಮೇಲೆ ಒಂದು ನಿಮಿಷವೂ ಕೂತಿರಲಿಲ್ಲ. ಕೂರಿ ಅಂತ ಅವಳೂ ಹೇಳಿರಲಿಲ್ಲ. ಬೇಯುತ್ತಿರುವುದನ್ನು ಬಿಟ್ಟು ಕೂರಿ ಅಂತ ಯಾರಾದರೂ ಹೇಳುತ್ತಾರೆಯೇ?

ಹೀಗಿರುವಾಗ ಒಂದು ಸೋಮವಾರ ಆರ್ಕಿಟೆಕ್ಟು ಫೋನು ಮಾಡಿದ.

"ರೀ, ಇನ್ಮೇಲೆ ಪಾರ್ಟಿ ನನ್ ಎದುರೇ ಕೂತಿರ್ತಾರೆ. ಗೋಡೆ ಹಸಿರು ಮಾಡಿ ಅಂದ್ರೆ ಅವರು ಕಾಫಿ ಮುಗಿಸೋದ್ರೊಳಗೆ ಹಸಿರಾಗಿರ್ಬೇಕು."

"ನಿಧಾನಕ್ಕೆ ಕುಡಿಯೋ ಪಾರ್ಟಿ ಹುಡುಕಿ ಸಾರ್."

"ತಮಾಷೆ ಅಲ್ಲ ಕಣ್ರೀ. ಬೇರೆಯವ್ರು ಹತ್ತು ನಿಮಿಷದಲ್ಲಿ ಕಳಿಸ್ತಿದ್ದಾರೆ. ನಿಮ್ಮ ಕೈಕೆಲಸ ಚೆನ್ನಾಗಿದೆ ಅಂತ ಇಷ್ಟು ದಿನ ಸುಮ್ನಿದ್ದೆ. ಮಷೀನ್ ಸರಿ ಮಾಡ್ಕೊಳ್ಳಿ, ಇಲ್ಲಾಂದ್ರೆ ನನ್ನ ಬೈಕೋಬೇಡಿ."

ಮೇಸ್ತ್ರಿ ಕಂಪ್ಯೂಟರಿನ ಬಿಡಿಭಾಗದ ಅಂಗಡಿಗೆ ಹೋದ. ಅಂಗಡಿಯವನಿಗೆ ಎಲ್ಲರೂ ಸ್ಕ್ರೂ ಅನ್ನುತ್ತಿದ್ದರು. ಅವನು ಮೇಸ್ತ್ರಿಯ ಕಂಪ್ಯೂಟರಿನ ವಿವರ ಕೇಳಿ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ಇದು ಇನ್ನೂ ಇದೆಯಾ ಸಾರ್?"

"ಓಡ್ತಿದೆ."

"ಇದರ ಪ್ರೊಸೆಸರಿಗೆ ಎರಡೇ ತಲೆ. ಈ ಬೋರ್ಡಿಗೆ ಕೂರೋ ಎಂಟು ತಲೆಯದ್ದು ಒಂದೇ ಒಂದು ಉಳ್ಕೊಂಡಿದೆ ನನ್ನ ಹತ್ರ. ಶನಿವಾರದ ತನಕ ಎತ್ತಿಟ್ಟಿರ್ತೀನಿ. ಅದು ಹೋದ್ರೆ ಆಮೇಲೆ ಬೋರ್ಡು, ಮೆಮೊರಿ, ಎಲ್ಲಾ ಬದಲಾಯಿಸ್ಬೇಕು. ಡಬ್ಬಿ ಒಂದೇ ಉಳ್ಯೋದು."

ಮನೆಗೆ ಬಂದು ಮೇಸ್ತ್ರಿ ಅಕ್ಕನಿಗೆ ಫೋನು ಮಾಡಿದ. ಅಕ್ಕ ದೂರದಲ್ಲಿದ್ದಳು. ಅವಳಿಗೆ ಇವನ ಬಗ್ಗೆ ಎರಡು ಚಿಂತೆ: ಮದುವೆ ಮತ್ತು ಕಂಪ್ಯೂಟರು. ಮೊದಲನೆಯದನ್ನು ಹತ್ತು ವರ್ಷದ ಹಿಂದೆ ಕೈಬಿಟ್ಟಿದ್ದಳು.

"ಲೋ, ಇದರಲ್ಲಿ ಯೋಚನೆ ಮಾಡೋಕೆ ಏನಿದೆಯೋ? ಹಾಕ್ಸು."

"ಈಗಿರೋದು ಚೆನ್ನಾಗೇ ನಡೀತಿದೆ ಅಕ್ಕ."

"ನಡೀತಿಲ್ಲ ಕಣೋ, ತೆವಳ್ತಿದೆ. ಅದೇನು ಹೆತ್ತ ಮಗೂನಾ?"

"ಒಂದು ಪಾರಿವಾಳಕ್ಕೆ..."

"ಆ ಪಾರಿವಾಳದ ಸುದ್ದಿ ತೆಗೆದ್ರೆ ಫೋನ್ ಇಡ್ತೀನಿ."

ಮೇಸ್ತ್ರಿ ಕಾಗದ ತೆಗೆದು ಮಧ್ಯೆ ಗೆರೆ ಎಳೆದ. ಎಡಗಡೆ ಬದಲಾಯಿಸುವುದಕ್ಕೆ ಕಾರಣ, ಬಲಗಡೆ ಇಟ್ಟುಕೊಳ್ಳುವುದಕ್ಕೆ ಕಾರಣ. ಎಡಗಡೆ ಕಾಗದ ಸಾಲದೆ ಹಿಂದಿನ ಪುಟಕ್ಕೂ ಹೋಯಿತು. ಬಲಗಡೆ ಬರೆಯಲು ಒಂದೇ ಒಂದು ಇತ್ತು. ಅದನ್ನು ಬರೆಯಲು ಧೈರ್ಯ ಬಾರದೆ 'ಚಳಿಗಾಲದಲ್ಲಿ ಬೆಚ್ಚಗಿರುತ್ತದೆ' ಅಂತ ಬರೆದ.

ಬುಧವಾರ ಊಟದ ಮನೆಯ ಚಿತ್ರ ಬೇಯಲು ಇಟ್ಟು ಕನ್ನಡಕದಂಗಡಿಗೆ ಹೋದ. ಸುಮ್ಮನೆ ಯಾರದೋ ವಿಷಯ ಅನ್ನುವ ಧಾಟಿಯಲ್ಲಿ ಎಲ್ಲ ಹೇಳಿದ. ಎರಡು ತಲೆ, ಎಂಟು ತಲೆ, ಶನಿವಾರ. ಅವಳು ಒಬ್ಬ ಮುದುಕರ ಚೌಕಟ್ಟಿಗೆ ಮೂಗಿನ ತಂತಿ ಬಗ್ಗಿಸುತ್ತಿದ್ದಳು.

"ಹೊಸದು ಹಾಕಿದ್ರೆ ಎಷ್ಟು ನಿಮಿಷ?"

"ಎಂಟು, ಒಂಬತ್ತು."

"ನಲವತ್ತೇಳು ಹೋಗಿ ಎಂಟಾ?" ಅವಳ ಇಕ್ಕಳ ಒಂದು ಕ್ಷಣ ನಿಂತಿತು. ಮೇಸ್ತ್ರಿ ಆ ಇಕ್ಕಳವನ್ನೇ ನೋಡಿದ. ಬೇಡ ಅನ್ನಲಿ. ಹಳೇದೇ ಗಟ್ಟಿ ಅನ್ನಲಿ. ಏನಾದರೂ ಒಂದು ಕೊಂಕು ತೆಗೆಯಲಿ.

"ಕಾಯೋದು ತಪ್ಪುತ್ತಲ್ಲ ನಿಮಗೆ. ಒಳ್ಳೇದೇ ಆಯ್ತು, ಹಾಕಿಸ್ಕೊಳ್ಳಿ," ಅಂದಳು, ಮತ್ತೆ ತಂತಿಗೆ ಬಗ್ಗಿದಳು.

"ಅಲ್ವಾ," ಅಂದ ಮೇಸ್ತ್ರಿ.

"ಅಲ್ವೇ ಮತ್ತೆ."

ಅಲಾರಂ ಹೊಡೆಯಲು ಇನ್ನೂ ಇಪ್ಪತ್ತೆರಡು ನಿಮಿಷ ಇತ್ತು. ಅಷ್ಟೂ ಹೊತ್ತು ಅವರು ಮಸೂರದ ಮೇಲೆ ಧೂಳು ಯಾಕೆ ಕೂರುತ್ತದೆ ಅನ್ನುವುದರ ಬಗ್ಗೆ ಮಾತಾಡಿದರು. ಧೂಳಿನ ಬಗ್ಗೆ ಇಪ್ಪತ್ತೆರಡು ನಿಮಿಷ ಮಾತಾಡುವುದು ಸುಲಭವಲ್ಲ.

ಶನಿವಾರ ಬೆಳಿಗ್ಗೆ ಮೇಸ್ತ್ರಿ ಎಂಟು ತಲೆಯದ್ದನ್ನು ತಂದ. ಅಂಗಡಿಯಲ್ಲೇ ಹಾಕಿಕೊಡುತ್ತೇನೆ ಅಂತ ಸ್ಕ್ರೂ ಹೇಳಿದ್ದ. ಇಷ್ಟು ವರ್ಷ ಜೊತೆಗಿದ್ದದ್ದನ್ನು ಬೇರೆಯವರ ಕೈಯಲ್ಲಿ ಕೀಳಿಸುವುದು ಅವನಿಗೆ ಸರಿ ಕಾಣಲಿಲ್ಲ. ಡಬ್ಬಿ ಮಲಗಿಸಿ, ತಂತಿ ಬಿಚ್ಚಿ, ಫ್ಯಾನಿನ ಗಡ್ಡೆಯನ್ನು ಹಿಡಿದೆಳೆದ. ಬರಲಿಲ್ಲ. ಪ್ರೊಸೆಸರಿಗೂ ಫ್ಯಾನಿಗೂ ನಡುವೆ ಹಚ್ಚುವ ಬಿಳಿ ಪೇಸ್ಟು ಒಣಗಿ ಗಾರೆಯಾಗಿತ್ತು. ಕಾಲು ಕೊಟ್ಟು ಎಳೆದ. ಫ್ಯಾನು ಹಳೆಯ ಪ್ರೊಸೆಸರನ್ನೂ ಬೇರುಸಹಿತ ಎಬ್ಬಿಸಿಕೊಂಡು ಮೇಲೆ ಬಂತು, ಪ್ರೊಸೆಸರು ಕಳಚಿ ಹಾರಿತು, ಅದನ್ನು ಹಿಡಿಯಲು ಹೋದ ಮೇಸ್ತ್ರಿ ಅದರ ಮೇಲೇ ಅಂಗೈ ಊರಿದ. ಅದರ ಅಡಿಯಲ್ಲಿ ಒಂಬೈನೂರ ಚಿಲ್ಲರೆ ಲೋಹದ ಕಾಲುಗಳು, ಒಂದೊಂದೂ ಇರುವೆಯ ಕಾಲಿನಷ್ಟು ತೆಳು. ಅವನ ಅಂಗೈಯಲ್ಲಿ ಚುಕ್ಕಿಯ ಚೌಕಟ್ಟು ಮೂಡಿತು. ಪ್ರೊಸೆಸರನ್ನು ಹತ್ತಿಯಲ್ಲಿ ಸುತ್ತಿ ಸೋಪಿನ ಡಬ್ಬಿಯಲ್ಲಿಟ್ಟ.

ಹೊಸದು ಕೂತಿತು. ಚಿತ್ರ ಇಟ್ಟ. ಫ್ಯಾನು ಒಂದು ಸಲ ಗಂಟಲು ಸರಿಮಾಡಿಕೊಂಡು ಸುಮ್ಮನಾಯಿತು. ಎಂಟು ನಿಮಿಷಕ್ಕೆ ಚಿತ್ರ ಹೊರಬಂತು. ಕನ್ನಡಿ ಇದ್ದೂ ಎಂಟೇ.

ಮೇಸ್ತ್ರಿ ಕೂತು ಲೆಕ್ಕ ಹಾಕಿದ. ಮೂರು ಮಹಡಿ ಇಳಿಯಲು ಎರಡು ನಿಮಿಷ. ರಸ್ತೆ ದಾಟಲು ಎರಡು. ವಾಪಸ್ಸು ನಾಲ್ಕು. ಹೋದ ಹಾಗೆ ಬರಬೇಕು. ಸೋಮವಾರ ಮಧ್ಯಾಹ್ನ ಇನ್ನೊಂದು ಚಿತ್ರ ಇಟ್ಟು, ಈ ಲೆಕ್ಕ ಸುಳ್ಳಾಗಲಿ ಅಂದುಕೊಂಡು ಇಳಿದ. ಎರಡೆರಡು ಮೆಟ್ಟಿಲು ಹಾರಿದ. ಬಸ್ಸಿನ ಮುಂದೆ ಓಡಿದ. ಕನ್ನಡಕದಂಗಡಿಯ ಬಾಗಿಲ ಹಿಡಿಕೆಗೆ ಕೈ ಇಟ್ಟು ಫೋನು ನೋಡಿದ. ಸರಿಯಾಗಿ ನಾಲ್ಕು ನಿಮಿಷ. ಗಾಜಿನ ಆಚೆ ಅವಳು ತಲೆ ಎತ್ತಿದಳು. ಮೇಸ್ತ್ರಿ ಹಿಡಿಕೆ ಬಿಟ್ಟು, ಏನೋ ಮರೆತವನ ಹಾಗೆ ಹಣೆ ಬಡಿದುಕೊಂಡು, ತಿರುಗಿ ಓಡಿದ. ಮೇಲೆ ಬಂದಾಗ ಚಿತ್ರ ಆಗಲೇ ಬೆಂದು ತಣ್ಣಗೆ ಕೂತಿತ್ತು. ಹೊಸದಕ್ಕೆ ಬಿಸಿ ತಲೆಗೇರುವ ರೋಗ ಇರಲಿಲ್ಲ. ಉಳಿಸಿಕೊಳ್ಳಲು ಅವನು ಬರಬೇಕೆಂದೂ ಇರಲಿಲ್ಲ, ತಾನೇ ಉಳಿಸಿಕೊಂಡಿತ್ತು.

ಅಂದರೆ ಅವನು ಎಲ್ಲಿದ್ದರೂ ಆಗುತ್ತಿತ್ತು. ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಆದರೆ ಏನಂತ ಹೋಗುವುದು? ಕಾಯುವ ಮನುಷ್ಯನಿಗೆ ಸ್ಟೂಲು ಕೊಡುತ್ತಾರೆ. ಬಿಡುವಿರುವ ಮನುಷ್ಯ ಬಂದು ಕೂತರೆ ಯಾಕೆ ಬಂದಿರಿ ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ಅವನ ಹತ್ತಿರ ಇತ್ತು. ಹೇಳುವಂಥದ್ದಾಗಿರಲಿಲ್ಲ. ಕಾಯೋದು ತಪ್ಪುತ್ತಲ್ಲ ಅಂತ ಅವಳು ಅಂದದ್ದು ಕಿವಿಯಲ್ಲೇ ಇತ್ತು. ಕಾಟ ತಪ್ಪಿದ್ದು ಯಾರಿಗೆ ಅಂತ ಅವನು ಯೋಚಿಸಿದಷ್ಟೂ ಅವಳಿಗೇ ಅಂತ ಅನ್ನಿಸುತ್ತಿತ್ತು.

ವಾರದ ಕೆಲಸ ಮಂಗಳವಾರ ಮಧ್ಯಾಹ್ನಕ್ಕೆ ಮುಗಿಯಿತು. ಆರ್ಕಿಟೆಕ್ಟಿಗೆ ಖುಷಿಯೋ ಖುಷಿ.

"ಪಾರ್ಟಿ ಕಾಫಿ ಇನ್ನೂ ಬಿಸಿ ಇತ್ತು ಕಣ್ರೀ! ಭೇಷ್. ಒಂದೇ ಒಂದು... ಈ ಮನೆಯಲ್ಲಿ ಜನ ಎಲ್ಲಿ?"

ಮೇಸ್ತ್ರಿ ಚಿತ್ರ ತೆರೆದು ನೋಡಿದ. ಸೋಫಾ ಇತ್ತು, ಬಿಸಿಲಿತ್ತು, ಮೇಜಿನ ಮೇಲೆ ನಾಲ್ಕು ಲೋಟ ಇತ್ತು. ಆ ಮೂವರನ್ನು ಒಳಗೆ ಬಿಡುವುದನ್ನು ಮರೆತಿದ್ದ. ಹಿಂದಿನ ಐದು ಚಿತ್ರ ತೆರೆದ. ಅದರಲ್ಲೂ ಯಾರೂ ಇರಲಿಲ್ಲ.

"ಹೊರಗೆ ಹೋಗಿದ್ದಾರೆ ಸಾರ್," ಅಂದ.

"ಕರ್ಕೊಂಡ್ ಬನ್ರೀ," ಅಂತ ನಕ್ಕು ಆರ್ಕಿಟೆಕ್ಟು ಫೋನು ಇಟ್ಟ.

ಉಳಿದ ಮಧ್ಯಾಹ್ನಗಳಲ್ಲಿ ಮೇಸ್ತ್ರಿ ಕಿಟಕಿಯಲ್ಲಿ ನಿಂತ. ಪಾರಿವಾಳಗಳು ಒಂದು ಸಲ ಬಂದು, ಗಾಳಿ ತಣ್ಣಗಿರುವುದನ್ನು ನೋಡಿ, ಪಕ್ಕದವರ ಫ್ರಿಜ್ಜಿನ ಬಿಸಿ ಬೆನ್ನಿನ ಕಡೆ ಹೋದವು. ಕೆಳಗೆ ಕನ್ನಡಕದಂಗಡಿಯ ಹಲಗೆಯ ಮೇಲೆ ಬರೆದ ದೊಡ್ಡ ಕಣ್ಣು ಕಾಣುತ್ತಿತ್ತು. ಅದು ನೇರ ಮೂರನೇ ಮಹಡಿಯನ್ನೇ ನೋಡುತ್ತಿತ್ತು, ಬರೆದವನಿಗೆ ಅಂಥ ಉದ್ದೇಶವೇನೂ ಇದ್ದಿರಲಾರದು. ಬುಧವಾರ ಅವನು ಇಡೀ ದಿನ ಆಡಿದ ಮಾತು ಒಂದೇ. ಲಿಫ್ಟಿಲ್ಲದ ಮೆಟ್ಟಿಲಲ್ಲಿ ಎದುರಾದವರಿಗೆ ದಾರಿ ಬಿಟ್ಟು "ಹೋಗಿ ಹೋಗಿ" ಅಂದದ್ದು. ಆಮೇಲೆ ಗಂಟಲು ಇದೆಯೋ ಇಲ್ಲವೋ ಅಂತ ಕೆಮ್ಮಿ ನೋಡಿಕೊಂಡ.

ಗುರುವಾರ ತಡೆಯಲಾಗಲಿಲ್ಲ. ಹಳೆಯದನ್ನೇ ಮತ್ತೆ ಹಾಕಿಬಿಡುವುದು ಅಂತ ತೀರ್ಮಾನಿಸಿದ. ಆರ್ಕಿಟೆಕ್ಟಿಗೆ ಏನಾದರೂ ಹೇಳಿದರಾಯಿತು. ಹೋದರೆ ಹೋಗಲಿ, ನಿಧಾನಕ್ಕೆ ಕಾಫಿ ಕುಡಿಯುವವರು ಪ್ರಪಂಚದಲ್ಲಿ ಇದ್ದೇ ಇರುತ್ತಾರೆ. ಸೋಪಿನ ಡಬ್ಬಿ ತೆರೆದು, ಹತ್ತಿ ಬಿಡಿಸಿ, ಪ್ರೊಸೆಸರನ್ನು ಬೆಳಕಿಗೆ ಹಿಡಿದ. ಒಂದು ಮೂಲೆಯಲ್ಲಿ ಕಾಲುಗಳು ಮಲಗಿದ್ದವು. ಎಣಿಸಿದ. ಹದಿಮೂರು. ಉಗುರಿನಿಂದ ಒಂದನ್ನು ಎಬ್ಬಿಸಲು ಹೋದ. ಅದು ಪಕ್ಕದ್ದರ ಮೇಲೆ ಒರಗಿತು. ಕೈ ತೆಗೆದ.

ಇಂಥ ಕೆಲಸಕ್ಕೆ ಬೇಕಾದ ಇಕ್ಕಳ, ಇಂಥದ್ದನ್ನು ನೋಡುವ ಭೂತಗನ್ನಡಿ, ಮುರಿಯದಂತೆ ಬಗ್ಗಿಸುವ ಕೈ, ಮೂರೂ ಇದ್ದ ಜಾಗ ಅವನಿಗೆ ಗೊತ್ತಿದ್ದದ್ದು ಒಂದೇ.

ಅವನು ಬಾಗಿಲು ತಳ್ಳಿದಾಗ ಅಂಗಡಿಯಲ್ಲಿ ಗಿರಾಕಿ ಯಾರೂ ಇರಲಿಲ್ಲ. ಅವಳು ಏನ್ ಬೇಯ್ತಿದೆ ಅಂತ ಕೇಳಲಿಲ್ಲ. ತಲೆ ಎತ್ತಿ ನೋಡಿದಳು, ಅಷ್ಟೆ.

"ಮೇಡಂ, ಒಂದು ರಿಪೇರಿ ಇತ್ತು."

"ಕನ್ನಡಕನಾ?"

ಅವನು ಸೋಪಿನ ಡಬ್ಬಿ ಮೇಜಿನ ಮೇಲಿಟ್ಟ. ಅವಳು ತೆರೆದು, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡಳು.

"ಅಯ್ಯೋ ದೇವ್ರೇ, ಎಷ್ಟ್ರೀ ಕಾಲು ಇದಕ್ಕೆ!"

"ಒಂಬೈನೂರ ಚಿಲ್ಲರೆ. ಹದಿಮೂರು ಬಾಗಿವೆ. ನೆಟ್ಟಗೆ ಮಾಡೋಕಾಗುತ್ತಾ?"

"ಮಾಡ್ಬಹುದು." ಅವಳು ಪ್ರೊಸೆಸರನ್ನು ತಿರುಗಿಸಿ ನೋಡಿದಳು. "ಇದು ಹಳೇದಲ್ವಾ? ಹೊಸದು ಕೆಟ್ಟೋಯ್ತಾ?"

"ಇಲ್ಲ. ಚೆನ್ನಾಗಿದೆ."

"ಮತ್ತೆ?"

"ಚೆನ್ನಾಗಿರೋದೇ ತೊಂದ್ರೆ. ಎಂಟೇ ನಿಮಿಷಕ್ಕೆ ಮುಗಿಸಿಬಿಡುತ್ತೆ."

"ಅದಕ್ಕೇ ಅಲ್ವಾ ಹಾಕಿಸಿದ್ದು?"

ಮೇಸ್ತ್ರಿ ಒಂಬತ್ತು ವರ್ಷ ಈ ಅಂಗಡಿಯಲ್ಲಿ ಸುಳ್ಳು ಹೇಳಿದ್ದ. ಸುಳ್ಳಿಗೆ ಹೇಗೆ ಮುಖ ಇಡಬೇಕು, ಎಲ್ಲಿ ನಿಲ್ಲಿಸಬೇಕು ಎಲ್ಲ ಗೊತ್ತಿತ್ತು. ಈಗ ಬಾಯಿಗೆ ಬಂದದ್ದು ಬೇರೆ ಜಾತಿಯದ್ದು. ಅದಕ್ಕೆ ಯಾವ ಮುಖ ಅಂತ ತಿಳಿಯದೆ ಕಣ್ಣು ಪರೀಕ್ಷೆಯ ಹಲಗೆಯ ಮೇಲಿನ ಅಕ್ಷರಗಳನ್ನು ಓದುವವನ ಹಾಗೆ ಗೋಡೆ ನೋಡುತ್ತಾ ಹೇಳಿದ.

"ಮೇಲೆ ಏನೂ ಬೇಯ್ತಾ ಇಲ್ದೆ ಇಲ್ಲಿ ಬಂದು ಹೇಗ್ ಕೂರೋದು ಮೇಡಂ?"

ಮಸೂರ ಉಜ್ಜುವ ಯಂತ್ರ ತಿರುಗುತ್ತಲೇ ಇತ್ತು. ಅವಳು ಕೈಚಾಚಿ ಅದನ್ನು ಆರಿಸಿದಳು.

"ಸೋಮವಾರ ಬಾಗಿಲ ತನಕ ಬಂದು ತಿರುಗಿ ಓಡಿದ್ರಲ್ಲ," ಅಂದಳು. "ನಾನೇ ಏನೋ ಅಂದುಬಿಟ್ಟೆ ಅಂದ್ಕೊಂಡೆ. ಏನಂದೆ ಏನಂದೆ ಅಂತ ಯೋಚ್ನೆ ಮಾಡಿ ಮಾಡಿ, ಒಬ್ರಿಗೆ ಎಡಗಣ್ಣಿನ ಮಸೂರ ಬಲಕ್ಕೆ ಹಾಕಿಕೊಟ್ಟೆ. ಪಾಪ, ಅವರು ನಿನ್ನೆ ಬಂದು ರಸ್ತೆ ಓರೆ ಆಗಿದೆ ಅಂತಿದ್ರು."

"ಕಾಯೋದು ತಪ್ಪುತ್ತೆ, ಒಳ್ಳೇದೇ ಅಂದ್ರಿ."

"ಅಂದೆ. ಮತ್ತೇನ್ ಅನ್ಲಿ? ಬೇರೆ ದಾರಿ ಇಲ್ದೆ ಬಂದು ಕೂರ್ತಾರೆ ಅಂದ್ಕೊಂಡಿದ್ದೆ. ನಿಮ್ಮ ಮುಖ ನೋಡಿದ್ರೆ ತಾನೇ ಗೊತ್ತಾಗೋದು? ಗಂಟೆ ಹೊಡೀತು ಅಂದ್ರೆ ಬೆಂಕಿ ಬಿದ್ದ ಹಾಗೆ ಎದ್ದು ಓಡ್ತೀರಿ. ಒಂದ್ ದಿನಾನೂ ಮಾತು ಮುಗಿಸಿ ಹೋಗಿಲ್ಲ. ಆ ಎರಡನೇ ಮೊಟ್ಟೆ ಏನಾಯ್ತು ಅಂತ ನನಗಿನ್ನೂ ಗೊತ್ತಿಲ್ಲ."

ಮೇಸ್ತ್ರಿ ಮೇಜಿನ ದೀಪವನ್ನು ಅವಳ ಕಡೆಗೆ ಸರಿಸಿದ.

ಅವಳು ಅತಿ ಸಣ್ಣ ಇಕ್ಕಳ ಆರಿಸಿಕೊಂಡು, ದೀಪ ಬಗ್ಗಿಸಿ, ಮೊದಲನೇ ಕಾಲನ್ನು ಹಿಡಿದಳು. ಉಸಿರೂ ಬಿಡದೆ ಕೂದಲೆಳೆಯಷ್ಟು ಎತ್ತಿದಳು, ಬಿಟ್ಟಳು, ಮತ್ತೆ ಕೂದಲೆಳೆಯಷ್ಟು ಎತ್ತಿದಳು. ಕಾಲು ನಿಂತಿತು. ದಿನಕ್ಕೆ ನಲವತ್ತು ಚೌಕಟ್ಟು ಸರಿಮಾಡುವ ಕೈ ಅದು. ಉಳಿದ ಹನ್ನೆರಡು ಕಾಲು ಕಾಫಿ ಆರುವುದರೊಳಗೆ ಮುಗಿಯುವ ಕೆಲಸ. ಅವಳು ಇಕ್ಕಳ ಕೆಳಗಿಟ್ಟು ಬೆರಳು ಮಡಚಿ ಬಿಡಿಸಿದಳು.

"ನಾಜೂಕಿನ ಕೆಲಸ ಇದು. ದಿನಕ್ಕೆ ಒಂದು ಕಾಲಿನ ಮೇಲೆ ಆಗಲ್ಲ. ನೀವು ಪಕ್ಕದಲ್ಲಿ ಕೂತು ಎಣಿಸ್ತಿರ್ಬೇಕು, ನನಗೆ ಲೆಕ್ಕ ತಪ್ಪಿಹೋಗುತ್ತೆ."

"ಹಾಗಾದ್ರೆ ಇನ್ನು ಹನ್ನೆರಡು ದಿನ," ಅಂದ ಮೇಸ್ತ್ರಿ. ಅವನ ದನಿ ಸ್ವಲ್ಪ ಇಳಿದಿತ್ತು.

ಅವಳು ಭೂತಗನ್ನಡಿಯನ್ನು ಮತ್ತೆ ಕಣ್ಣಿಗಿಟ್ಟು, ನೆಟ್ಟಗೆ ನಿಂತಿದ್ದ ಒಂಬೈನೂರು ಕಾಲುಗಳ ಮೇಲೆ ನಿಧಾನಕ್ಕೆ ನೋಟ ಹರಿಸಿದಳು. ಊರಿನ ಅರ್ಧ ಜನರ ಕಣ್ಣು ಪರೀಕ್ಷೆ ಮಾಡಿದವಳು ಅವಳು.

"ಹದಿಮೂರು ಅಂತ ಯಾರು ಹೇಳಿದ್ದು? ಇಲ್ಲಿ ನೋಡಿ, ಈ ಸಾಲು ಪೂರ್ತಿ ಬಾಗಿದೆ. ಆ ಸಾಲೂ ಅಷ್ಟೆ. ನನ್ನ ಪ್ರಕಾರ ಇನ್ನೂರಕ್ಕೆ ಮೋಸ ಇಲ್ಲ."

ಮೇಸ್ತ್ರಿ ಬಗ್ಗಿ ನೋಡಿದ. ಕಾಲುಗಳು ಕವಾಯತಿಗೆ ನಿಂತ ಹಾಗೆ ನಿಂತಿದ್ದವು.

"ಹೌದಲ್ಲ," ಅಂದ, ಸ್ಟೂಲು ಹತ್ತಿರಕ್ಕೆಳೆದುಕೊಂಡ. "ನಾನು ಸರಿಯಾಗಿ ನೋಡೇ ಇರ್ಲಿಲ್ಲ."